ಕೊಕ್ಕೆಯಲ್ಲೇ ಉಳಿದ ಬಿಲ್ಲೆಗಳು

ಜುಲೈ 14, ಮಂಗಳವಾರ, ಬೆಳಿಗ್ಗೆ 9.20. ಮಳೆ ಹಿಡಿದು ಅಂದಿಗೆ ಹನ್ನೊಂದು ದಿನ. ಗಣಿ ಪ್ರವಾಸದ ಮ್ಯಾನೇಜರು ನೀರು ಸೋರುವ ಛತ್ರಿಯನ್ನು ಮಡಚದೆಯೇ ಸ್ಟೇಷನ್ನಿನೊಳಕ್ಕೆ ಬಂದ. ಬೆಂಚಿನ ಮೇಲೆ ಏಳು ಗಂಟೆಯಿಂದ ಕಾಯುತ್ತಿದ್ದ ಮೂವರು ತಾವಾಗಿಯೇ ಎದ್ದು ಗೋಡೆಗೆ ಒರಗಿದರು. ದಫೇದಾರ ಕುರ್ಚಿ ಎಳೆದು ಹಾಕಿದ. ಯಾರೂ ಹೇಳದೆಯೇ ಟೀ ಬಂತು.

ಇನ್‌ಸ್ಪೆಕ್ಟರ್ ಇದನ್ನೆಲ್ಲ ಒಳಗಿನ ಕೋಣೆಯಿಂದ ನೋಡಿದಳು. ವರ್ಗವಾಗಿ ಈ ಗುಡ್ಡದ ಊರಿಗೆ ಬಂದು ಎರಡೇ ತಿಂಗಳು. ಯಾರಿಗೆ ಬೆಂಚು, ಯಾರಿಗೆ ಕುರ್ಚಿ ಎಂಬ ಲೆಕ್ಕ ಮಾತ್ರ ಅವಳು ಕೆಲಸ ಮಾಡಿದ ಎಲ್ಲ ಊರಿನಲ್ಲೂ ಒಂದೇ.

"ಏನು ಕಳುವಾಗಿದೆ?"

"ಬಿಲ್ಲೆ ಮೇಡಂ. ಒಂಬತ್ತು ಹಿತ್ತಾಳೆ ಬಿಲ್ಲೆ."

"ಹಿತ್ತಾಳೆಗೆ ಇಷ್ಟು ಗಾಬರಿನಾ?"

"ಅಯ್ಯೋ, ಅವು ಅಸಲಿ ಮೇಡಂ! ಗಣಿ ಕೆಲಸದವರ ನಂಬರು ಬಿಲ್ಲೆ. ಆಳುಗಳಿಗೆ ದೀಪ ಕೊಡ್ತಿದ್ದ ಹಳೇ ಲ್ಯಾಂಪ್ ರೂಮಿನ ಹಲಗೇಲಿ ಇನ್ನೂರ ನಲವತ್ತು ನೇತು ಹಾಕಿದೀವಿ. ಮಿಕ್ಕಿದ್ದೆಲ್ಲ ನಾವೇ ಮಾಡಿಸಿದ್ದು, ನೋಟಕ್ಕೆ. ಈ ಒಂಬತ್ತು ಮಾತ್ರ ಕಂಪನಿಯ ಹಳೇ ತಿಜೋರಿಲಿ ಸಿಕ್ಕಿದ್ದು, ಮೊಹರು ಹಾಕಿದ ಲಕೋಟೆ ಸಮೇತ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದ್ರೆ ಒಂಬತ್ತು ಕೊಕ್ಕೆ ಖಾಲಿ."

"ಎಲ್ಲಿ ಸಿಕ್ಕಿದ್ವು ಅನ್ನೋದನ್ನೂ ದೂರಲ್ಲಿ ಬರೀರಿ."

ಮ್ಯಾನೇಜರು ಖುಷಿಯಿಂದಲೇ ಬರೆದ. ತಿಜೋರಿ, ಲಕೋಟೆ, ಮೊಹರು, ಯಾವುದನ್ನೂ ಬಿಡಲಿಲ್ಲ. ಕೆಳಗೆ ಉದ್ದಕ್ಕೆ ಸಹಿ ಹಾಕಿದ. 9.50ಕ್ಕೆ ಎಫ್‌ಐಆರ್ ದಾಖಲಾಯಿತು, ಮೊಕದ್ದಮೆ ಸಂಖ್ಯೆ 61. ಬೆಂಚಿನ ಮೂವರು ಇನ್ನೂ ನಿಂತೇ ಇದ್ದರು.

ತಿಜೋರಿ ಎಂಬ ಮಾತು ಬಿದ್ದಾಗ ದಫೇದಾರನ ಕೈಯಲ್ಲಿದ್ದ ಟೀ ಲೋಟ ಬಾಯಿಯ ಹತ್ತಿರ ಹೋಗಿ ಹಾಗೇ ನಿಂತಿತ್ತು. ಇನ್‌ಸ್ಪೆಕ್ಟರ್ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಜೀಪು ಏರು ಹತ್ತುವಾಗ ಕೇಳಿದಳು.

"ದಫೇದಾರ್ರೇ, ತಿಜೋರಿ ಅಂದ್ರೆ ನಿಮಗ್ಯಾಕೆ ಮೈ ಜುಮ್ಮಂತು?"

ಅವನಿಗೆ ನಲವತ್ತೈದರ ಆಸುಪಾಸು. ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಬೇರೆ ಠಾಣೆಗಳಲ್ಲಿದ್ದು ಈ ಬೇಸಿಗೆಯಲ್ಲಷ್ಟೇ ಮರಳಿದ್ದ. ಹೊರಗಿನ ಮಂಜನ್ನೇ ನೋಡುತ್ತ ಹೇಳಿದ. "ನಮ್ಮಪ್ಪ ಇದೇ ಗಣಿಲಿದ್ದೋರು ಮೇಡಂ. ಬಿಲ್ಲೆ ತಿಜೋರಿಲಿ ಇರೋ ವಸ್ತು ಅಲ್ಲ."

"ಮತ್ತೆಲ್ಲಿರುತ್ತೆ?"

"ಆಳಿನ ಕೊರಳಲ್ಲಿ. ಸುರಂಗಕ್ಕೆ ಇಳಿಯೋ ಮುಂಚೆ ಬಿಚ್ಚಿ ಹಲಗೆ ಕೊಕ್ಕೆಗೆ ಹಾಕೋದು. ಪಾಳಿ ಮುಗ್ಸಿ ಮೇಲೆ ಬಂದ್ಮೇಲೆ ತೆಗೆದು ಕೊರಳಿಗೆ ಹಾಕ್ಕೊಂಡು ಮನೆಗೆ ಹೋಗೋದು. ಗಣಿ ಮುಚ್ಚಿದಾಗ ಎಲ್ಲರೂ ತಂತಮ್ಮ ಬಿಲ್ಲೆ ಮನೆಗೆ ತಗೊಂಡು ಹೋದ್ರು. ನಮ್ಮಪ್ಪಂದು ಇನ್ನೂ ಮನೇಲಿದೆ."

"ಪಾಳಿ ಮುಗಿದ ಮೇಲೂ ಕೊಕ್ಕೇಲಿ ಬಿಲ್ಲೆ ಉಳಿದಿದ್ರೆ?"

"ಆ ಮನುಷ್ಯ ಇನ್ನೂ ಒಳಗಿದಾನೆ ಅಂತ."

ಜೀಪು ಎರಡು ತಿರುವು ದಾಟಿತು.

"ಇಪ್ಪತ್ಮೂರು ವರ್ಷದ ಹಿಂದೆ, ಆಗಸ್ಟ್ ಮೂರಕ್ಕೆ, ಸುರಂಗಕ್ಕೆ ನೀರು ನುಗ್ತು," ಎಂದ ದಫೇದಾರ. "ಹಲಗೆ ಖಾಲಿ ಇದೆ, ಎಲ್ಲರೂ ಮೇಲೆ ಬಂದಿದಾರೆ ಅಂತ ಕಂಪನಿ ಹೇಳ್ತು. ಒಂಬತ್ತು ಜನ ಮಾತ್ರ ಮನೆ ಸೇರಲಿಲ್ಲ. ಅವರು ಮೇಲೆ ಬಂದು ಊರು ಬಿಟ್ಟು ಓಡಿಹೋದ್ರು ಅಂದ್ರು."

"ಒಂಬತ್ತೂ ಜನ ಒಂದೇ ದಿನ ಓಡಿಹೋದ್ರಾ?"

"ಹೂಂ."

"ಅದನ್ನ ನಮ್ಮ ಸ್ಟೇಷನ್ನು ನಂಬ್ತಾ?"

ದಫೇದಾರ ಮಂಜು ಹಿಡಿದ ಗಾಜನ್ನು ಅಂಗೈಯಿಂದ ಒರೆಸಿದ. ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದಳು. ನೀರಿನಡಿ ಸತ್ತವರನ್ನು ಹೊರಗೆ ತೆಗೆಯುವುದು ದುಬಾರಿ. ಓಡಿಹೋದರು ಎಂದು ಹೇಳುವುದಕ್ಕೆ ಒಂದು ಕಾಗದ ಸಾಕು.

10.45ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಸುರಂಗದ ಬಾಯಿಯ ಮುಂದೆ ಹಳದಿ ರೇನ್‌ಕೋಟಿನ ಪ್ರವಾಸಿಗರ ಸಾಲು. 'ಮಳೆಗಾಲದ ಮಂಜಿನಲ್ಲಿ ಗಣಿ ನೋಡಿ' ಎಂಬ ಬ್ಯಾನರು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಬ್ಯಾನರಿನ ಮೂಲೆಯಲ್ಲಿ ಅದೇ ಹಳೇ ಕಂಪನಿಯ ಮುದ್ರೆ. ಕಲ್ಲು ಅಗೆದು ಮುಗಿದ ಮೇಲೆ ಈಗ ಬರೀ ತೂತನ್ನು ತೋರಿಸಿ ಟಿಕೆಟ್ ಹರಿಯುತ್ತಿದ್ದರು. ಒಬ್ಬಾಕೆ ತಗಡಿನ ಟೋಪಿ ಹಾಕಿಕೊಂಡು, ಕೆನ್ನೆಗೆ ಮಸಿ ಬಳಿದುಕೊಂಡು, ನಗುತ್ತ ಫೋಟೋ ತೆಗೆಸಿಕೊಂಡಳು.

ಲ್ಯಾಂಪ್ ರೂಮಿನ ಗೋಡೆಯಲ್ಲಿ ಗಾಜಿನ ಬಾಗಿಲಿನ ಹಲಗೆ ಇತ್ತು. ಬೀಗ ಮುರಿದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಗಾಜಿನ ಮೇಲೆ ಒಳಗೂ ಹೊರಗೂ ಒಂದು ಬೆರಳಿನ ಗುರುತಿರಲಿಲ್ಲ. ಅಷ್ಟು ಚೆನ್ನಾಗಿ ಒರೆಸಲಾಗಿತ್ತು. ಖಾಲಿಯಾದ ಕೊಕ್ಕೆಗಳು ಒಂದೇ ಕಡೆ ಇರಲಿಲ್ಲ. ಮೇಲಿನ ಸಾಲಿನಲ್ಲಿ ಒಂದು, ಕೆಳಗೆ ಮೂಲೆಯಲ್ಲಿ ಇನ್ನೊಂದು, ಹೀಗೆ ಆರಿಸಿ ತೆಗೆದಿದ್ದರು. ಹಲಗೆಯ ಕೆಳಗೆ ಚೌಕಟ್ಟು ಹಾಕಿದ ಲಕೋಟೆ ಇತ್ತು. ಕಂಪನಿಯ ಅರಗಿನ ಮೊಹರು, ಪಕ್ಕದಲ್ಲಿ ಮಸುಕಾದ ಶಾಯಿಯಲ್ಲಿ ತಾರೀಖು: ಆಗಸ್ಟ್ 3. ಇಸವಿಯೂ ಅದೇ.

"ಇದನ್ನ ಗೋಡೆಗೆ ಹಾಕಿದ್ದು ಯಾರು?"

"ನಾನೇ ಮೇಡಂ," ಎಂದ ಮ್ಯಾನೇಜರು. "ಹಳೇ ಅಕ್ಷರ, ಹಳೇ ಮೊಹರು, ಒಂಥರಾ ಕಳೆ ಇರುತ್ತೆ ಅಂತ."

ಅವನ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ದೂರದ ಊರಿನಿಂದ ಸಂಬಳಕ್ಕೆ ಬಂದ ಹುಡುಗ. ಬಿಲ್ಲೆ ಎಂದರೆ ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಅಂದು ಕೊಕ್ಕೆಯಿಂದ ತೆಗೆದು ಧಣಿಗಳು ಬಚ್ಚಿಟ್ಟದ್ದನ್ನು ಅವನು ತೊಳೆದು, ದೀಪ ಹಾಕಿ, ಗಾಜಿನಲ್ಲಿ ಮೆರೆಸಿದ್ದ.

"ಗಾಜಿನ ಬಾಗಿಲು ಯಾರು ತೆಗೀತಾರೆ?"

"ಪ್ರತಿ ಸೋಮವಾರ ರಜೆ. ಅವತ್ತು ಒರೆಸೋ ಅಕ್ಕ ಬಂದು ಹಿತ್ತಾಳೆ ತಿಕ್ಕುತ್ತೆ. ಅದರ ಮೇಲೆ ಅನುಮಾನ ಬೇಡ ಮೇಡಂ. ಆರು ವರ್ಷದಿಂದ ಇದೆ, ಬಾಯಿಲ್ಲದ ಹೆಂಗಸು. ಓದೋಕೂ ಬರಲ್ಲ. ಯಾವುದು ಅಸಲಿ, ಯಾವುದು ನಕಲಿ ಅಂತ ಅದಕ್ಕೇನು ಗೊತ್ತು?"

ಇನ್‌ಸ್ಪೆಕ್ಟರ್ ಒಂದು ನಕಲಿ ಬಿಲ್ಲೆಯನ್ನು ಅಂಗೈಯಲ್ಲಿ ತೂಗಿದಳು. ತಗಡಿನಷ್ಟು ಹಗುರ. ಆರು ವರ್ಷ ಹಿತ್ತಾಳೆ ತಿಕ್ಕಿದ ಕೈಗೆ ಓದು ಬೇಕಿರಲಿಲ್ಲ.

ಕಾಣೆಯಾದ ಬಿಲ್ಲೆಗಳ ನಂಬರು ಮ್ಯಾನೇಜರಿಗೆ ಗೊತ್ತಿರಲಿಲ್ಲ. ರಸ್ತೆಗೆ ಗುಡ್ಡ ಜರಿದು ಲಾಡ್ಜಿನಲ್ಲೇ ಸಿಕ್ಕಿಬಿದ್ದಿದ್ದ ಪ್ರವಾಸಿ ದಂಪತಿಯನ್ನು 12.30ಕ್ಕೆ ವಿಚಾರಿಸಲಾಯಿತು. ಭಾನುವಾರ ಹಲಗೆಯ ಮುಂದೆ ತೆಗೆದುಕೊಂಡ ಸೆಲ್ಫಿ ಅವರ ಫೋನಿನಲ್ಲಿತ್ತು. ಅದನ್ನು ದೊಡ್ಡದು ಮಾಡಿ, ಖಾಲಿ ಕೊಕ್ಕೆಗಳ ಜಾಗ ಹಿಡಿದು, ಇನ್‌ಸ್ಪೆಕ್ಟರ್ ನಂಬರು ಬರೆದುಕೊಂಡಳು: 17, 42, 43, 88, 106, 117, 151, 164, 203.

"ನಲವತ್ತೆರಡು, ನಲವತ್ಮೂರು ಅಣ್ಣ ತಮ್ಮ," ಎಂದ ದಫೇದಾರ. ಪಟ್ಟಿಯನ್ನು ಅವನು ನೋಡಿಯೂ ಇರಲಿಲ್ಲ, ಅವಳು ಓದಿದ್ದನ್ನು ಕೇಳಿಸಿಕೊಂಡಿದ್ದ ಅಷ್ಟೆ.

"ನೂರಾ ಹದಿನೇಳು?"

"ಒರೆಸೋ ಅಕ್ಕನ ಗಂಡ."

ಮಧ್ಯಾಹ್ನ 3 ಗಂಟೆ, ಸ್ಟೇಷನ್ನಿನ ದಾಖಲೆ ಕೋಣೆ. ಗೆದ್ದಲು ಅಂಚು ತಿಂದ ಕಟ್ಟಿನಲ್ಲಿ ಒಂಬತ್ತು ಅರ್ಜಿಗಳು ಸಿಕ್ಕವು. ಒಂಬತ್ತು ಹೆಂಗಸರ ಹೆಬ್ಬೆಟ್ಟು. ಪ್ರತಿಯೊಂದರಲ್ಲೂ ಗಂಡನ ಹೆಸರಿನ ಮುಂದೆ ಬಿಲ್ಲೆ ನಂಬರು. ಪ್ರತಿಯೊಂದರ ಕೆಳಗೂ ಒಂದೇ ಷರಾ: "ವಿಚಾರಿಸಲಾಗಿ, ಸದರಿ ವ್ಯಕ್ತಿಯು ಪಾಳಿ ಮುಗಿಸಿ ಮೇಲೆ ಬಂದು, ಸ್ವಇಚ್ಛೆಯಿಂದ ಊರು ತೊರೆದಿರುತ್ತಾನೆ. ಕ್ರಮದ ಅಗತ್ಯವಿಲ್ಲ." ಎಫ್‌ಐಆರ್ ಒಂದೂ ಇರಲಿಲ್ಲ. ಕಂಪನಿಯ ಒಂದು ಪತ್ರ ಲಗತ್ತಾಗಿತ್ತು.

"ಯಾರನ್ನ ವಿಚಾರಿಸಿದ್ರಂತೆ?"

"ಕಂಪನಿನ," ಎಂದ ದಫೇದಾರ. "ಕೈಬರಹ ನಂದೇ ಮೇಡಂ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಸಾಹೇಬ್ರು ಒಂದು ಸಲ ಹೇಳಿದ್ರು, ನಾನು ಒಂಬತ್ತು ಸಲ ಬರೆದೆ."

ಅವನ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು ಅವಳಿಗೆ. "ಹೆಬ್ಬೆಟ್ಟಿನ ಶಾಯಿ ಆರೋ ತನಕನಾದ್ರೂ ಕಾದ್ರಾ?" ಎಂದಷ್ಟೇ ಕೇಳಿದಳು.

4.40ಕ್ಕೆ ಮೇಲಧಿಕಾರಿಯ ಫೋನು ಬಂತು.

"ಏನಮ್ಮಾ, ಹಿತ್ತಾಳೆ ಚೂರಿಗೆ ದೊಡ್ಡ ತನಿಖೆ ಇಟ್ಕೊಂಡಿದೀಯಂತೆ? ಶನಿವಾರ ಕಂಪನಿಗೆ ದೊಡ್ಡ ಜನ ಬರ್ತಿದಾರೆ. ಮಾಲು ಸಿಕ್ಕಿದ್ರೆ ವಾಪಸ್ ಕೊಟ್ಟು ಕೈ ತೊಳ್ಕೋ. ದೂರು ಹಿಂದಕ್ಕೆ ತಗೋತಾರೆ."

"ಎಫ್‌ಐಆರ್ ಆಗಿದೆ ಸರ್. ಮಾಲು ಸಿಕ್ಕಿದ್ರೆ ಕೋರ್ಟಿಗೇ ಹೋಗ್ಬೇಕು."

"ಕಾನೂನು ನಂಗೆ ಹೇಳ್ಕೊಡ್ತೀಯಾ?"

"ಇಲ್ಲ ಸರ್. ನನಗೆ ನಾನೇ ಹೇಳ್ಕೋತಿದೀನಿ."

ಫೋನು ಪಟ್ಟನೆ ಇಟ್ಟ ಸದ್ದು ಕೇಳಿತು. ಇನ್ನೊಂದು ವರ್ಗಾವಣೆಯ ಸದ್ದೂ ಅದರಲ್ಲೇ ಇತ್ತು.

5.15ಕ್ಕೆ ಜೀಪು ಕಾರ್ಮಿಕರ ಹಳೇ ಸಾಲುಮನೆಗಳ ಮುಂದೆ ನಿಂತಿತು. ತಗಡಿನ ಮಾಡು, ಒಂದೇ ಕೋಣೆ, ಸೋರುವ ಕಡೆಯೆಲ್ಲ ಪಾತ್ರೆ. ಬಾಗಿಲು ತೆರೆದೇ ಇತ್ತು. ಒರೆಸೋ ಅಕ್ಕ ಒಗೆದ ಸೀರೆ ಉಟ್ಟು, ಪಕ್ಕದಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದಳು. ಎದುರಿನ ಗೋಡೆಯಲ್ಲಿ ಒಂಬತ್ತು ಮೊಳೆ, ಮೊಳೆಗೊಂದು ಬಿಲ್ಲೆ.

"ಬೆಳಿಗ್ಗೇನೇ ಬರ್ತೀರಿ ಅನ್ಕೊಂಡಿದ್ದೆ," ಎಂದಳು. ಆಮೇಲೆ ದಫೇದಾರನ ಕಡೆ ತಿರುಗಿದಳು. "ಏನು ತಮ್ಮಾ, ತಲೆಯೆಲ್ಲ ಬೆಳ್ಳಗಾಯ್ತಲ್ಲ! ನಾನು ಮೊದಲ ಸಲ ಸ್ಟೇಷನ್ನಿಗೆ ಬಂದಾಗ ನಿಂಗೆ ಮೀಸೆ ಕೂಡ ಸರಿಯಾಗಿ ಬಂದಿರ್ಲಿಲ್ಲ."

ದಫೇದಾರ ಹೊಸ್ತಿಲ ಹೊರಗೇ ನೆನೆಯುತ್ತ ನಿಂತ.

"ಇವನ್ನ ತೆಗೆದದ್ದು ನೀವೇನಾ?" ಎಂದಳು ಇನ್‌ಸ್ಪೆಕ್ಟರ್.

"ನಾನೇ. ನಿನ್ನೆ ಮೂರು ಗಂಟೇಲಿ."

"ಗುರುತು ಹೇಗೆ ಸಿಕ್ತು?"

ಅವಳು ಒಂದು ಬಿಲ್ಲೆಯನ್ನು ಮೊಳೆಯಿಂದ ತೆಗೆದು ತೋರಿಸಿದಳು. 117. ಅದಕ್ಕೆ ಎರಡು ತೂತು. "ಮೊದಲನೇ ತೂತು ಸವೆದು ಹರಿದಿತ್ತು. ಇನ್ನೊಂದು ಹೊಡೆದದ್ದು ನಾನೇ, ಈ ಹೊಸ್ತಿಲ ಮೇಲಿಟ್ಟು, ಮೊಳೇಲಿ. ಸೊಟ್ಟಗಾಯ್ತು ಅಂತ ಆ ಮನುಷ್ಯ ಎರಡು ದಿನ ಗೊಣಗಿದ್ರು. ಹೋದ ವರ್ಷ ಮಳೇಲಿ ಹೊಸ ಬಿಲ್ಲೆಗಳ ಜೊತೆ ಇದೂ ಕೈಗೆ ಬಂತು. ತಿಕ್ಕು ಅಂದ್ರು. ತಿಕ್ಕಿದೆ."

"ಒಂದು ವರ್ಷ ಸುಮ್ನಿದ್ರಾ?"

"ಸುಮ್ನೆ ಎಲ್ಲಿದ್ದೆ? ಮೂರು ಸಲ ಸ್ಟೇಷನ್ನಿಗೆ ಬಂದೆ, ನೀವು ಬರೋಕೆ ಮುಂಚೆ. ಬೆಂಚ್ ಮೇಲೆ ಕೂರಿಸಿದ್ರು. ಸಂಜೆ ಆದ್ಮೇಲೆ ಮನೆಗೆ ಹೋಗಜ್ಜಿ ಅಂದ್ರು." ಅವಳ ದನಿ ಏರಿತು. "ಓಡಿಹೋದೋನ ಹೆಂಡ್ತಿ ಅಂತ ಇಪ್ಪತ್ಮೂರು ವರ್ಷ ಅನ್ನಿಸ್ಕೊಂಡಿದೀನಮ್ಮಾ. ಮಗಳನ್ನ ನೋಡೋಕೆ ಬಂದೋರು, ಇವಳಪ್ಪ ಯಾವಳ ಹಿಂದೆ ಹೋದ ಅಂತ ನನ್ನ ಮುಖಕ್ಕೇ ಕೇಳಿದಾರೆ. ಆ ಮನುಷ್ಯ ಇಲ್ಲೇ, ನನ್ನ ಕಾಲಡಿಲೇ ಇದ್ರು. ಇವರು ಅವರ ತಲೆ ಮೇಲೆ ಜನರನ್ನ ಸಾಲಾಗಿ ನಡೆಸಿ ಫೋಟೋ ತೆಗಿಸ್ತಿದಾರೆ!"

"ಕದ್ದು ಏನು ಮಾಡ್ಬೇಕು ಅಂತಿದ್ರಿ?"

"ಏನೂ ಇಲ್ಲ. ನೀವು ಬರ್ಲಿ ಅಂತ. ನಾನು ಹೇಳಿದ್ರೆ ಬರ್ಕೊಳ್ಳಲ್ಲ, ಕಂಪನಿ ಹೇಳಿದ್ರೆ ಬರ್ಕೋತೀರಿ. ಆ ಮ್ಯಾನೇಜರು ತಿಜೋರಿ ಕತೇನ ಟೂರಿಸ್ಟ್‌ಗಳಿಗೆ ದಿನಾ ಹನ್ನೊಂದು ಸಲ ಹೇಳ್ತಾನೆ. ಪೊಲೀಸರ ಮುಂದೆ ಒಂದ್ಸಲ ಹೇಳಿ ಸಹಿ ಹಾಕ್ಲಿ ಅಂತ." ಇನ್‌ಸ್ಪೆಕ್ಟರ್ ಮುಖ ನೋಡಿ ಕೇಳಿದಳು. "ಹಾಕಿದ್ನಾ?"

"ಹಾಕಿದಾನೆ. ಉದ್ದಕ್ಕೆ."

ಅವಳು ಕಣ್ಣು ಮುಚ್ಚಿದಳು. ಕೈ ಮಾತ್ರ ಆ ಬಿಲ್ಲೆಯನ್ನು ಸೆರಗಿನಿಂದ ಒರೆಸುತ್ತಲೇ ಇತ್ತು.

ಅಕ್ಕಪಕ್ಕದ ಮನೆಯ ಇಬ್ಬರು ಪಂಚರ ಮುಂದೆ ಜಪ್ತಿ ಪಂಚನಾಮೆ ನಡೆಯಿತು. ಸ್ವತ್ತಿನ ವಿವರ ಎಂಬಲ್ಲಿ ದಫೇದಾರನ ಪೆನ್ನು ನಿಂತಿತು. "ಕಂಪನಿಯ ಸ್ವತ್ತು ಅಂತ ಬರೀಲಾ ಮೇಡಂ?"

"ನಾನು ಹೇಳಿದ್ದು ಬರೀರಿ. ಒಂಬತ್ತು ಹಿತ್ತಾಳೆ ಬಿಲ್ಲೆಗಳು. ಆಗಸ್ಟ್ 3ರಂದು ಸುರಂಗಕ್ಕೆ ಇಳಿದು ಮರಳಿ ಬಾರದ ಒಂಬತ್ತು ಕಾರ್ಮಿಕರವು. ದೂರುದಾರರ ಹೇಳಿಕೆಯಂತೆ, ಅದೇ ತಾರೀಖಿನ ಮೊಹರಾದ ಲಕೋಟೆಯಲ್ಲಿ, ಕಂಪನಿಯ ತಿಜೋರಿಯಲ್ಲಿ ದೊರೆತವು. ಒಂದೊಂದು ನಂಬರಿನ ಮುಂದೆಯೂ ಹೆಸರು ಬರೀರಿ. ನಿಮಗೆ ಗೊತ್ತಿರೋ ಹೆಸರೇ."

ಅವನು ಒಂಬತ್ತು ಸಲ ಬರೆದ. ಈ ಸಲ ಪ್ರತಿ ಹೆಸರಿಗೂ ಹೊತ್ತು ಹಿಡಿಯಿತು. ಲಕೋಟೆಯನ್ನು ಜಪ್ತಿ ಮಾಡಲು ಇಬ್ಬರು ಕಾನ್‌ಸ್ಟೆಬಲ್‌ಗಳು ಲ್ಯಾಂಪ್ ರೂಮಿಗೆ ಹೋದರು.

ಸಂಜೆ 6.05ಕ್ಕೆ ಮೊಕದ್ದಮೆ ಸಂಖ್ಯೆ 61ರ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. 6.40ಕ್ಕೆ ಸ್ಟೇಷನ್ನಿನಲ್ಲಿ ಅದೇ ಹೆಂಗಸು ಮೊಕದ್ದಮೆ ಸಂಖ್ಯೆ 62ರ ದೂರುದಾರಳಾದಳು. ಒಂಬತ್ತು ಮಂದಿಯ ಸಾವನ್ನು ಮರೆಮಾಚಿದ ಆಪಾದನೆ, ಕಂಪನಿಯ ಮಾಲೀಕರ ಮೇಲೆ. ದಫೇದಾರ ಬೆಳಗಿನ ಕುರ್ಚಿಯನ್ನೇ ಎಳೆದು ಅವಳ ಮುಂದಿಟ್ಟ. ಅವಳು ಅದನ್ನು ನೋಡಿದಳು, ಅವನನ್ನೂ ನೋಡಿದಳು.

"ನಿಂತೇ ಹೇಳ್ತೀನಿ. ನೀನು ಬರ್ಕೋ."

ಅವಳು ಹೇಳಿ ಮುಗಿಸಿದ ಮೇಲೆ ಇನ್‌ಸ್ಪೆಕ್ಟರ್ 61ರ ಕೇಸ್ ಡೈರಿಯನ್ನು ಎಳೆದುಕೊಂಡಳು. ಕೃತ್ಯಕ್ಕೆ ಕಾರಣ ಎಂಬ ಜಾಗವೊಂದು ಖಾಲಿ ಉಳಿದಿತ್ತು. ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು. ಅವಳು ಒಂದೇ ಸಾಲು ಬರೆದು ಸಹಿ ಹಾಕಿದಳು.

'ಇಪ್ಪತ್ತಮೂರು ವರ್ಷಗಳ ಹಿಂದೆ ಆರೋಪಿಯು ಕೊಟ್ಟ ದೂರನ್ನು ಈ ಠಾಣೆ ದಾಖಲಿಸಲಿಲ್ಲ.'