ಬದಲಿಗೆ ನಿಂತವನು

“ಕಟ್!” ಎಂಬ ಕೂಗು ಕೇಳಿದ್ದೇ ತಡ, ಸ್ಮರಾಂದ ಓಡಿದಳು. ಮೊಣಕಾಲುದ್ದ ಹಿಮದಲ್ಲಿ ಮೂವತ್ತು ಹೆಜ್ಜೆ. ತೋಳಿನ ಮೇಲೆ ದಪ್ಪ ಕೋಟು, ಜೇಬಿನಲ್ಲಿ ಕೈ ಬೆಚ್ಚಗಿಡುವ ಬಿಸಿ ಪೊಟ್ಟಣಗಳು. ನದಿಯ ಕಡೆ ಮುಖ ಮಾಡಿ ನಿಂತಿದ್ದ ಸೈನಿಕನ ಹೆಗಲಿಗೆ ಹಿಂದಿನಿಂದ ಕೋಟು ಹೊದಿಸಿದಳು. ಅವನ ಎರಡೂ ಅಂಗೈಗೆ ಪೊಟ್ಟಣ ತುರುಕಿ, ಕಾಲರನ್ನು ಕಿವಿಯವರೆಗೆ ಎಳೆದಳು.

“ಬೆಚ್ಚಗಾಯ್ತಾ ಸಾರ್?”

“ಸ್ವರ್ಗ ಕಣ್ರೀ,” ಎಂದಿತು ಯಾವುದೋ ಅಪರಿಚಿತ ದನಿ.

ತಿರುಗಿದ ಮುಖ ಹೀರೋನದಲ್ಲ. ಅದೇ ಎತ್ತರ, ಅದೇ ಹೆಗಲು, ಅದೇ ತೆಳು ಸಮವಸ್ತ್ರ. ಆದರೆ ಗಾಳಿಗೆ ಕೆಂಪಾದ ಮೂಗು, ರೆಪ್ಪೆಯ ಮೇಲೆ ಮಂಜಿನ ಹರಳು.

“ನೀವ್ಯಾರು?”

“ತ್ವಾದೆರ್. ಲೈಟು ಸರಿ ಮಾಡೋ ತನಕ ಹೀರೋ ಬದಲಿಗೆ ನಿಲ್ಲೋನು. ಕಟ್ ಅಂದಿದ್ದು ಆ ಕಡೆ ಕ್ಯಾಮೆರಾಗೆ. ನಿಮ್ಮ ಸಾರು ವ್ಯಾನಲ್ಲಿ ಚಾ ಕುಡೀತಿದಾರೆ.”

ಅವಳು ಏನೂ ಯೋಚಿಸದೆ ಕೋಟನ್ನು ಕಿತ್ತುಕೊಂಡಳು. ಪೊಟ್ಟಣಗಳನ್ನೂ.

ಅವನು ನಕ್ಕ. “ಪರವಾಗಿಲ್ಲ ಬಿಡಿ. ಅರ್ಧ ನಿಮಿಷ ಹೀರೋ ಆಗಿದ್ನಲ್ಲ.”

ಆ ನಗು ದಿನವಿಡೀ ಅವಳ ಬೆನ್ನು ಬಿಡಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು.

ಹದಿನೇಳು ವರ್ಷಗಳಿಂದ ಅವಳ ಕೆಲಸ ಇದೇ. ಶಾಟ್ ಮುಗಿದ ಕೂಡಲೇ ಓಡುವುದು, ನಟರನ್ನು ಬೆಚ್ಚಗಿಡುವುದು. ಸೆಟ್ಟಿನವರು ಅವಳನ್ನು ‘ಕೋಟಮ್ಮ’ ಎನ್ನುತ್ತಿದ್ದರು. ಯಾರ ಭುಜ ಎಷ್ಟು ಅಗಲ, ಯಾರ ಬೆರಳು ಮೊದಲು ಮರಗಟ್ಟುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ನಲವತ್ತಮೂರರ ವಯಸ್ಸು, ಮುರಿದುಬಿದ್ದ ಒಂದು ಮದುವೆ, ರಾಜಧಾನಿ ಬುಕಾರೆಸ್ಟಿನಲ್ಲಿ ವರ್ಷಕ್ಕೆ ಎರಡು ತಿಂಗಳು ಮಾತ್ರ ಬೀಗ ತೆಗೆಯುವ ಒಂದು ಫ್ಲ್ಯಾಟು. ಅವಳ ಹೆಗಲಿಗೆ ಕೋಟು ಹಿಡಿದವರು ಯಾರೂ ಇರಲಿಲ್ಲ. ಅದನ್ನು ಅವಳು ಕೊರತೆ ಅಂದುಕೊಂಡೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಒಂದು ರಟ್ಟಿನ ತುಂಡು ಹಿಡಿದು ತ್ವಾದೆರನ ಬಳಿ ಹೋದಳು.

“ಕಾಲೆತ್ತಿ.”

“ನಮಸ್ಕಾರ ಅನ್ನೋ ಪದ್ಧತಿ ಇಲ್ವಾ ನಿಮ್ಮ ಊರಲ್ಲಿ?”

“ನಮಸ್ಕಾರ. ಕಾಲೆತ್ತಿ. ಹಿಮದ ಮೇಲೆ ನೇರವಾಗಿ ನಿಂತ್ರೆ ಮೈಯ ಬಿಸಿಯೆಲ್ಲ ನೆಲದ ಪಾಲು. ಇದರ ಮೇಲೆ ನಿಲ್ಲಿ. ಎಷ್ಟು ಸಾಕ್ಸು ಹಾಕಿದೀರಿ?”

“ಮೂರು.” ಅವನ ದನಿಯಲ್ಲಿ ಹೆಮ್ಮೆಯಿತ್ತು.

“ದಡ್ಡತನ. ಬೂಟು ಬಿಗಿಯಾದ್ರೆ ರಕ್ತ ಓಡಲ್ಲ. ಎರಡು ತೆಗೀರಿ.”

“ಇಲ್ಲೇನಾ? ಎಲ್ಲರ ಎದುರಿಗಾ?” ಎಂದು ಅವನು ನಾಚಿದವನಂತೆ ಕಣ್ಣರಳಿಸಿದ. ಅವಳು ಮುಖ ತಿರುಗಿಸಿದಳು, ನಗು ಕಾಣಬಾರದೆಂದು.

ತ್ವಾದೆರ್ ಪಕ್ಕದ ಹಳ್ಳಿಯವನೇ. ಹಿಂದೆ ಸಿಗೆತ್ ಪಟ್ಟಣದ ಬಸ್ಸು ಓಡಿಸುತ್ತಿದ್ದ. ಆ ಬಸ್ಸು ನಿಂತುಹೋಯಿತು, ಇವನ ಕೆಲಸವೂ ನಿಂತಿತು. ಹೀರೋನ ಅಳತೆಗೆ ಸರಿಹೊಂದುವ ಗಂಡಸನ್ನು ಸಿನಿಮಾದವರು ಹುಡುಕುವಾಗ ಇಗರ್ಜಿಯ ಎದುರು ಸಿಕ್ಕಿದ್ದ. ಬೆಳಕು ಅಳೆಯುವವರಿಗೆ ಬಟ್ಟೆಯ ಬಣ್ಣ ಕಾಣಬೇಕು. ಹಾಗಾಗಿ ಅವನು ಗಂಟೆಗಟ್ಟಲೆ ಕೋಟಿಲ್ಲದೆ ನಿಲ್ಲಬೇಕಿತ್ತು.

ಸ್ಮರಾಂದ ಅವನ ಅಂಗಿಯೊಳಗೆ ಹಳೆಯ ಪತ್ರಿಕೆಯ ಹಾಳೆ ಇಡುವುದನ್ನು ಕಲಿಸಿದಳು. ಊಟದ ಸಾಲಿನಲ್ಲಿ ಅವನಿಗೆ ಹುಳಿಸಾರು ಎರಡು ಸೌಟು ಬೀಳುವಂತೆ ನೋಡಿಕೊಂಡಳು. ಅವನು ಜೇಬಿನಿಂದ ಪ್ಲಮ್ ಸಾರಾಯಿಯ ಸೀಸೆ ತೆಗೆದರೆ ಕಣ್ಣಲ್ಲೇ ಗದರುತ್ತಿದ್ದಳು.

“ಬಿಸಿ ಅನ್ಸತ್ತೆ ಅಷ್ಟೇ. ಒಳಗಿನ ಬಿಸಿಯನ್ನ ಹೊರಗೆ ಹಾಕತ್ತೆ.”

“ಹಾಗಾದ್ರೆ ನೀವೂ ಸಾರಾಯೀನೇ,” ಎಂದ ಅವನು ಮೆಲ್ಲಗೆ.

ಅಂದು ಮಧ್ಯಾಹ್ನ ಅವಳು ಹೀರೋನ ಕೋಟಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿದಳು.

ಮೂರನೇ ವಾರ ನದಿಯ ದೃಶ್ಯ. ಹೀರೋಗೆಂದು ತಣ್ಣೀರು ತಡೆಯುವ ಒಂದು ರಬ್ಬರಿನ ಒಳ ಉಡುಪು ಬಂದಿತ್ತು. ಒಂದೇ ಒಂದು. ಸ್ಮರಾಂದ ಅದನ್ನು ವ್ಯಾನಿಗೆ ಕೊಟ್ಟು ಬರುವಷ್ಟರಲ್ಲಿ, ತ್ವಾದೆರ್ ಬರೀ ಸಮವಸ್ತ್ರ, ಬೂಟಿನಲ್ಲೇ ನದಿಗೆ ಇಳಿದು ಇಪ್ಪತ್ತು ನಿಮಿಷವಾಗಿತ್ತು. ಕ್ಯಾಮೆರಾದವರು ಇನ್ನೂ ಬೆಳಕು ಸರಿಮಾಡುತ್ತಲೇ ಇದ್ದರು. ಅವನ ತುಟಿಗಳಲ್ಲಿ ಬಣ್ಣವಿರಲಿಲ್ಲ.

“ಹೊರಗೆ ಬನ್ನಿ!”

“ಐದೇ ನಿಮಿಷ ಕೋಟಮ್ಮ,” ಎಂದು ಸಹಾಯಕ ನಿರ್ದೇಶಕ ರಾದುಕು ಕೂಗಿದ.

“ನಿಮ್ಮ ಐದು ನಿಮಿಷಕ್ಕೆ ನೀವೇ ಇಳೀರಿ!”

ಅವಳು ನೇರ ನೀರಿಗೆ ನಡೆದಳು. ಅವನ ತೋಳು ಹಿಡಿದು ಎಳೆದು ತಂದಳು. ಐವತ್ತು ಜನ ನೋಡುತ್ತಿದ್ದರು. ಹಿಂದಿನಿಂದ ರಾದುಕುವಿನ ಮಾತು ಕೇಳಿಸಿತು: “ಒಬ್ಬ ಬದಲಿ ಮನುಷ್ಯನಿಗೋಸ್ಕರ ಶೂಟಿಂಗ್ ನಿಲ್ಲಿಸ್ತೀಯಾ? ಮುಂದಿನ ಸಿನಿಮಾಗೆ ನಿನ್ನ ಹೆಸರು ಬರೆಯಲ್ಲ, ನೆನಪಿಟ್ಕೋ!”

ಬಟ್ಟೆಯ ಡೇರೆಯೊಳಗೆ ಅವಳು ಅವನ ಬೂಟು ಕಳಚಿದಳು. ಬೆರಳುಗಳು ಮೇಣದಂತೆ ಬಿಳುಚಿದ್ದವು. ಅವನು ಕಾಲನ್ನು ಹೀಟರಿನತ್ತ ಚಾಚಿದ.

“ಬೇಡ. ಸ್ಪರ್ಶ ತಿಳಿಯದ ಕಾಲು ಸುಟ್ಟರೂ ಗೊತ್ತಾಗಲ್ಲ.”

ಅವಳು ನೆಲದ ಮೇಲೆ ಕೂತು, ತನ್ನ ಸ್ವೆಟರ್ ಎತ್ತಿ, ಅವನ ಎರಡೂ ಪಾದಗಳನ್ನು ಹೊಟ್ಟೆಗೆ ಒತ್ತಿಕೊಂಡಳು. ತಣ್ಣಗಿನ ಆಘಾತಕ್ಕೆ ಉಸಿರು ಸಿಕ್ಕಿಕೊಂಡಿತು. ಬಿಡಲಿಲ್ಲ.

ಹೊರಗೆ ಯಾರೋ ಜನರೇಟರಿಗೆ ಬೈಯುತ್ತಿದ್ದರು. ನಿಧಾನವಾಗಿ ಪಾದಕ್ಕೆ ಜೀವ ಬಂತು, ಜೊತೆಗೆ ನೋವೂ ಬಂತು. ಅವನ ಕಣ್ಣಿಂದ ನೀರು ಇಳಿಯಿತು.

“ಉರೀತಿದ್ಯಾ?”

“ಉರೀತಿದೆ. ನಿಲ್ಲಿಸಬೇಡಿ.” ಆಮೇಲೆ ಮುಜುಗರಕ್ಕೆ ನಕ್ಕು ಅಂದ, “ನನ್ನ ಹೆಂಡ್ತಿಗೆ ಗೊತ್ತಾದ್ರೆ ಬಿದ್ದು ಬಿದ್ದು ನಗ್ತಾಳೆ. ಟೊರೀನೋದಲ್ಲಿ ಇದಾಳೆ, ಇಟಲಿಯಲ್ಲಿ.”

ಹೆಂಡತಿ. ಸ್ಮರಾಂದ ಸ್ವೆಟರ್ ಇಳಿಸಿದಳು. ಅವನಿಗೆ ಒಣ ಉಣ್ಣೆ ಸಾಕ್ಸು ತೊಡಿಸಿ, ಎದ್ದು ನಿಂತಳು.

“ಈಗ ಹೋಗ್ಬಹುದು ನೀವು.”

ಮರುದಿನದಿಂದ ಆ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ಅದೇ ಎತ್ತರ, ಅದೇ ಹೆಗಲು. ತ್ವಾದೆರನನ್ನು ಬೇಡವೆಂದರೋ, ಅವನೇ ಬರಲಿಲ್ಲವೋ, ಅವಳು ಕೇಳಲಿಲ್ಲ. ಕೋಟು ಹಿಡಿದು ಓಡಿದಳು, ಚಹಾ ಹಂಚಿದಳು, ಸರಿಯಾದ ಗುಂಡಿಯನ್ನು ಸರಿಯಾದ ತೂತಿಗೆ ಹಾಕಿದಳು. ಒಂಬತ್ತು ದಿನ ಹೀಗೇ ಕಳೆಯಿತು. ಹೊಟ್ಟೆಯ ಮೇಲೆ ಎರಡು ತಣ್ಣನೆಯ ಪಾದಗಳ ಜಾಗ ಮಾತ್ರ ಅವಳಿಗೆ ಕರಾರುವಾಕ್ಕಾಗಿ ಗೊತ್ತಿತ್ತು.

ಚಿತ್ರೀಕರಣ ಮುಗಿಯಿತು. ಮಧ್ಯಾಹ್ನ ಮೂರಕ್ಕೆ ವ್ಯಾನು. ಹನ್ನೆರಡಕ್ಕೆ ಅವಳು ಸೂಟ್‌ಕೇಸ್ ಕಟ್ಟಿಟ್ಟು, ತ್ವಾದೆರನ ಹಳ್ಳಿಯ ದಾರಿ ಹಿಡಿದು, ಮನೆ ಕೇಳಿಕೊಂಡು ನಡೆದಳು. ಕಾಲು ಹೇಗಿದೆ ಎಂದಷ್ಟೇ ಕೇಳಿ ಬರುವುದು, ಎಂದುಕೊಂಡಳು.

ಅವನು ಅಂಗಳದಲ್ಲಿ ಹಿಮ ಎತ್ತುತ್ತಿದ್ದ. ಅವಳನ್ನು ಕಂಡು ಸಲಿಕೆ ಊರಿದ.

“ಕಾಲು ಹೇಗಿದೆ?”

“ಒಂದು ಬೆರಳಿಗೆ ಇನ್ನೂ ಜೋಮು. ನಿಮ್ಮ ಮುಂದಿನ ಸಿನಿಮಾ ಎಲ್ಲಿ?”

“ಎಲ್ಲೂ ಇಲ್ಲ.”

ಅವನ ಮುಖ ಇಳಿಯಿತು. “ನನ್ನಿಂದಾನಾ?”

“ನನ್ನಿಂದ. ನಾನೇ ನೀರಿಗೆ ಇಳಿದಿದ್ದು.” ಅವಳು ಬೇಲಿಯ ಮೇಲಿನ ಹಿಮವನ್ನು ಕೈಗವುಸಿನಿಂದ ಒರೆಸಿದಳು. “ನಿಮ್ಮ ಹೆಂಡ್ತಿ ಯಾವಾಗ ಬರ್ತಾರೆ?”

ಅವನು ಸಲಿಕೆಯನ್ನು ಹಿಮದಿಂದ ಕಿತ್ತು ಗೋಡೆಗೆ ಒರಗಿಸಿದ.

“ಬರಲ್ಲ. ಏಳು ವರ್ಷ ಆಯ್ತು ವಿಚ್ಛೇದನ ಆಗಿ. ಅವಳಿಗೆ ಅಲ್ಲಿ ಬೇರೆ ಸಂಸಾರ ಇದೆ, ಮಗು ಇದೆ. ಹೆಂಡ್ತಿ ಅನ್ನೋದು ರೂಢಿ ಕಣ್ರೀ. ಅದನ್ನೂ ಅನ್ನದೇ ಹೋದ್ರೆ ಮಾತಲ್ಲಿ ತರೋಕೆ ನಂಗೆ ಯಾರೂ ಇಲ್ಲ.”

ಸ್ಮರಾಂದಳಿಗೆ ಸಿಟ್ಟು ಬಂತು. ಒಂಬತ್ತು ದಿನದ ಸಿಟ್ಟು.

“ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು?”

“ಹೆದರಿಕೆ ಆಯ್ತು. ಅಷ್ಟು ಹತ್ರ ಯಾರೂ ಬಂದಿರಲಿಲ್ಲ. ಮರುದಿನ ಅವರು ಬರಬೇಡ ಅಂದಾಗ, ಬಂದು ನಿಮ್ಮನ್ನ ನೋಡೋಕೂ ಧೈರ್ಯ ಸಾಲಲಿಲ್ಲ.”

ಕೆಳಗಿನ ರಸ್ತೆಯಲ್ಲಿ ಯಾವುದೋ ಗಾಡಿ ಹಾದುಹೋಯಿತು. ಇಬ್ಬರೂ ಅದರ ಸದ್ದು ಅಡಗುವವರೆಗೆ ಕಾದರು.

“ಇರಿ,” ಎಂದ ಅವನು. “ನೀವು ಇಲ್ಲೇ ಇರಿ, ಸ್ಮರಾಂದ.”

“ಎಷ್ಟು ದಿನ?”

“ಹಿಮ ಕರಗೋ ತನಕ. ಆಮೇಲೆ ಮತ್ತೆ ಕೇಳ್ತೀನಿ.”

ಅವಳು ಕೈಗವುಸು ತೆಗೆದು, ಫೋನಿನಲ್ಲಿ ವ್ಯಾನಿನವನಿಗೆ ಹೇಳಿದಳು, ಸೂಟ್‌ಕೇಸನ್ನು ಹೋಟೆಲಿನಲ್ಲೇ ಬಿಟ್ಟು ಹೋಗು ಎಂದು.

ಮನೆಯ ಮುಂಭಾಗದ ದೊಡ್ಡ ಕೋಣೆಯನ್ನು ಬೆಚ್ಚಗಿಡುವ ಒಲೆಯನ್ನು ತ್ವಾದೆರ್ ಏಳು ವರ್ಷದಿಂದ ಹಚ್ಚಿರಲಿಲ್ಲ. ಒಬ್ಬನಿಗೆ ಅಡುಗೆಮನೆಯ ಒಲೆಯೇ ಸಾಕಾಗಿತ್ತು. ಈಗ ಅವನು ಕಟ್ಟಿಗೆ ಹೊತ್ತು ತಂದು, ಮಂಡಿಯೂರಿ ಕಡ್ಡಿ ಗೀರಿದ. ಬೆಂಕಿ ಹತ್ತಿತು. ಆದರೆ ಚಿಮಣಿಯಲ್ಲಿ ಯಾವುದೋ ಹಕ್ಕಿಯ ಹಳೆಯ ಗೂಡಿದ್ದಿರಬೇಕು, ಹೊಗೆಯೆಲ್ಲ ಒಳಗೇ ಸುತ್ತಿತು. ಇಬ್ಬರೂ ಕೆಮ್ಮುತ್ತಾ ಹೊರಗೋಡಿ ಬಂದರು.

ಕಣ್ಣೀರು ಸುರಿಸುತ್ತಾ, ಮುಖದ ಮೇಲೆ ಮಸಿಯೊಂದಿಗೆ, ಅವರು ಅಂಗಳದ ಹಿಮದಲ್ಲಿ ನಿಂತು ನಕ್ಕರು. ನಗು ಮುಗಿದ ಮೇಲೂ ಅವಳು ಹಿಡಿದ ಅವನ ತೋಳನ್ನು ಬಿಡಲಿಲ್ಲ. ತೆರೆದ ಬಾಗಿಲಿನಿಂದ ಹೊಗೆ ಸ್ವಲ್ಪ ಸ್ವಲ್ಪವೇ ಹೊರಬರುತ್ತಿತ್ತು. ಕೋಣೆ ಬೆಚ್ಚಗಾಗಲು ಇನ್ನೂ ಬಹಳ ಹೊತ್ತಿತ್ತು.