ಅರ್ಥಶಾಸ್ತ್ರದ ಕ್ಲಾಸಿನಲ್ಲಿ ನಿದ್ದೆ

ಬೇಡಿಕೆ ಮತ್ತು ಪೂರೈಕೆಯ ಪಾಠ ಕೇಳುತ್ತ ಯಾರಾದರೂ ಪ್ರೀತಿಯಲ್ಲಿ ಬೀಳುತ್ತಾರೆಯೇ? ರೇಣು ಬಿದ್ದಿದ್ದಳು.

ಕೊರೋನಾ ಬಂದು ಕಾಲೇಜಿಗೆ ಬೀಗ ಬಿದ್ದು ಪಾಠಗಳೆಲ್ಲ ಲ್ಯಾಪ್‌ಟಾಪಿಗೆ ಬಂದಾಗ, ಅರ್ಥಶಾಸ್ತ್ರ ಕಲಿಸುವ ಚನ್ನವೀರ ಮೊದಲ ವಾರವೇ ಸೋತುಹೋದ. ಹುಡುಗರು ಯಾರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ರೇಣುವಿಗೆ ಫೋನ್ ಮಾಡಿ, "ಕರೀ ಚೌಕಕ್ಕ ಪಾಠ ಹೇಳೂದು ಆಗವಲ್ದ್ರಿ ಮೇಡಮ್. ನೀವರ ಬಂದು ಮುಖ ತೋರಸ್ರಿ," ಎಂದು ಕೇಳಿಕೊಂಡ.

ಪುಣೆಯಲ್ಲಿ ಅವನಿರುವುದು ವಿಮಾನ ನಗರ, ಇವಳು ಯೆರವಡಾ. ನಡುವಿನ ಸಣ್ಣ ದಾರಿಗೆ ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ದಿನಾ ಮಧ್ಯಾಹ್ನ ಅವಳು ಅವನ ಕ್ಲಾಸಿನಲ್ಲಿ ಕೂತು, ಒಂದಕ್ಷರ ತಿಳಿಯದಿದ್ದರೂ ತಲೆಯಾಡಿಸುತ್ತಿದ್ದಳು. ಅವನು ಕಣ್ಣೆತ್ತಿ ನೋಡಿ, ಅವಳು ಹೌದೆಂದ ಮೇಲೆಯೇ ಮುಂದಿನ ಪಾಯಿಂಟಿಗೆ ಹೋಗುತ್ತಿದ್ದ. ಆ ಒಂದು ನೋಟಕ್ಕೆ ಅವಳು ಬೆಳಗಿನಿಂದ ಕಾಯುತ್ತಿದ್ದಳು.

ಆದರೆ ದಣಿದಿದ್ದಳು. ತನ್ನ ಕ್ಲಾಸುಗಳು, ನೆಟ್‌ವರ್ಕಿನ ಜೊತೆ ಜಗಳ, ಹಾಸಿಗೆ ಹಿಡಿದ ಅವ್ವ, ಅಡುಗೆ, ಪಾತ್ರೆ. ಇಷ್ಟರ ಮೇಲೆ, ತಾನು ಅವನಿಗೆ ಬರೀ ಕ್ಲಾಸಿಗೊಂದು ಮುಖವೋ, ಬೇರೇನಾದರೂ ಹೌದೋ ಎಂಬ ಕೊರೆತ. ಪಾಠ ಮುಗಿದ ಕೂಡಲೇ ಕೇಳಿಬಿಡಬೇಕೆಂದು ಅಂದು ಮನಸ್ಸು ಗಟ್ಟಿ ಮಾಡಿ ಕೂತವಳು, ನಡುವೆಯೇ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ಎಚ್ಚರವಾದಾಗ ಹುಡುಗರು ಹೋಗಿದ್ದರು. ಸ್ಕ್ರೀನಿನಲ್ಲಿ ಚನ್ನವೀರನೊಬ್ಬನೇ ಚಹಾ ಕುಡಿಯುತ್ತ ಕೂತಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

"ಎಬ್ಬಸಬಾರದೇನ್ರಿ ಸರ್?"

ಅವಳು ಮಲಗಿದ್ದು ನೋಡಿ ಅವನು ದನಿ ತಗ್ಗಿಸಿದನಂತೆ. "ಸರ್, ಆವಾಜ್ ಯೇತ್ ನಾಹೀ" ಎಂದು, ದನಿ ಕೇಳಿಸುತ್ತಿಲ್ಲವೆಂದು, ಹುಡುಗರು ಮರಾಠಿಯಲ್ಲಿ ದೂರಿದರಂತೆ. ಕಾರಣ ತಿಳಿದದ್ದೇ, ಮೇಡಮ್ಮನ್ನು ಎಬ್ಬಿಸಬೇಡಿ ಎಂದು ಸನ್ನೆ ಮಾಡಲಿಕ್ಕೆ ಒಬ್ಬೊಬ್ಬರಾಗಿ ಕ್ಯಾಮೆರಾ ಹಾಕಿದರಂತೆ. ಇನ್ನು ಮೇಲೂ ಹಾಕುತ್ತೇವೆಂದು ಮಾತು ಕೊಟ್ಟು ಹೋಗಿದ್ದರು.

"ಹಂಗಾಗಿ ನಾಳಿಂದ ನೀವು ಕ್ಲಾಸಿಗೆ ಬರೂದು ಬ್ಯಾಡ್ರಿ," ಎಂದ.

ರೇಣುವಿಗೆ ಕೇಳುವ ಮೊದಲೇ ಉತ್ತರ ಸಿಕ್ಕಿತ್ತು. ಆಯ್ತ್ರಿ ಎಂದವಳೇ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು.

"ಕ್ಲಾಸ್ ಮುಗಿದ ಮ್ಯಾಲೆ ಬರ್ರಿ, ರೇಣು." ಮೇಡಮ್ ಎನ್ನುವುದು ಎಲ್ಲೋ ಬಿಟ್ಟುಹೋಗಿತ್ತು. "ಕ್ಲಾಸ್ ಅನ್ನೂದು ನೆವಾ ಆಗಿತ್ರಿ. ನಿಮ್ಮನ್ನ ನೋಡ್ಲಾರ್ದ ನನಗ ದಿನ ಕಳಿಯೂದಿಲ್ಲ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಬಂದ್ರ ಮತ್ತ ನಿದ್ದಿ ಹತ್ತತದ್ರಿ ನನಗ," ಎಂದಳು.

"ಹತ್ತಲಿ," ಎಂದ ಚನ್ನವೀರ. "ನಾ ಎಚ್ಚರ ಇರ್ತೀನಿ."