ನಾಲ್ಕು ಪೆನ್ಸಿಲ್ ಸೆಲ್

ನವೆಂಬರ್ 11, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಸುಘೋಷ್ ಎಂಬವರು ಬಸವೇಶ್ವರನಗರದ ಠಾಣೆಗೆ ಲಿಖಿತ ದೂರು ತಂದರು. ಅವರು ಅಲ್ಲೇ ಹತ್ತಿರದ ಏರ್ ರೈಫಲ್ ತರಬೇತಿ ಕೇಂದ್ರದ ಕಾರ್ಯದರ್ಶಿ. ಕೇಂದ್ರದ ಬೀರುವಿನಿಂದ ಒಂದು ಡಿಜಿಟಲ್ ತಕ್ಕಡಿ, ನಾಲ್ಕು ಡಬ್ಬಿ ಪೆಲೆಟ್ ಕಳುವಾಗಿದ್ದವು. ಬೀಗ ಒಡೆದಿರಲಿಲ್ಲ. ದೂರಿನ ಕೊನೆಯ ಸಾಲಿನಲ್ಲಿ ಅನುಮಾನಿತನ ಹೆಸರಿತ್ತು: ರೇವಣಸಿದ್ದಯ್ಯ, 71 ವರ್ಷ, ಕೇಂದ್ರದಲ್ಲಿ ರೈಫಲ್ ರಿಪೇರಿ ಮಾಡುವವರು.

ಇನ್‌ಸ್ಪೆಕ್ಟರ್ ಶಿವಗಂಗಮ್ಮ ಆ ಸಾಲನ್ನು ಎರಡು ಸಲ ಓದಿದರು.

"ಅವರ ಮೇಲೆ ಯಾಕೆ ಅನುಮಾನ?"

"ಬೀರು ಕೀ ಅವರ ಹತ್ರ ಮಾತ್ರ ಇರೋದು ಮೇಡಂ."

"ಡಬ್ಬೀಲಿ ಇದ್ದಿದ್ದು ಸೀಸದ ಗುಂಡೇ ತಾನೆ?"

"ಎರಡು ಸಾವಿರ ಗುಂಡು. ಒಂದೊಂದನ್ನೂ ತೂಗಿ, ಒಂದೇ ತೂಕದ್ದು ಆರಿಸಿಟ್ಟಿದ್ದು. ನಮ್ಮಲ್ಲಿ ಕಲಿಯೋ ಹುಡುಗಿ ವಚನಾಗೆ ಮುಂದಿನ ತಿಂಗಳು ರಾಜ್ಯ ತಂಡದ ಆಯ್ಕೆ ಇದೆ. ತೂಕ ಚೂರು ಹೆಚ್ಚುಕಮ್ಮಿ ಆದ್ರೂ ಗುರಿ ಜಾರುತ್ತೆ."

"ಆರಿಸಿದ್ದು ಯಾರು?"

"ಅವರೇ."

"ತಾವೇ ಆರಿಸಿದ್ದನ್ನ ತಾವೇ ಕದ್ರಾ?"

"ವಯಸ್ಸಾಯ್ತು, ಈ ತಿಂಗಳಾದ್ಮೇಲೆ ಬರಬೇಡಿ ಅಂತ ಹೋದ ವಾರ ಹೇಳಿದ್ವಿ. ಆ ಸಿಟ್ಟು. ಸಂಜೆಯೊಳಗೆ ಅರೆಸ್ಟ್ ಮಾಡಿಬಿಡಿ ಮೇಡಂ."

10.15ಕ್ಕೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಅಡಿ ಎಫ್‌ಐಆರ್ ದಾಖಲಾಯಿತು. 11 ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಭಾನುವಾರ ಮಧ್ಯಾಹ್ನ ಒಂದಕ್ಕೆ ಬೀರು ಮುಚ್ಚಿದ್ದರು, ಸೋಮವಾರ ರಜೆ, ಮಂಗಳವಾರ ಬೆಳಿಗ್ಗೆ ತೆರೆದಾಗ ಮೇಲಿನ ಅರೆ ಖಾಲಿ. ಕೆಳಗಿನ ಅರೆಯಲ್ಲಿ ಬಟ್ಟೆ ಸುತ್ತಿದ ಒಂದು ಅಡಾಪ್ಟರ್ ಹಾಗೇ ಇತ್ತು.

"ತಕ್ಕಡಿ ತಗೊಂಡೋನು ಅದರ ವೈರ್ ಬಿಟ್ಟು ಹೋಗಿದಾನಲ್ಲ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಗೂಳಪ್ಪ. "ಅರ್ಧ ಕಳ್ಳ."

ಶಿವಗಂಗಮ್ಮ ನಗಲಿಲ್ಲ. ಬೆಂಚಿನ ಮೇಲೆ ಕೈಗಳನ್ನು ಮೊಣಕಾಲಿನ ಮೇಲಿಟ್ಟು ಕುಳಿತಿದ್ದ ರೇವಣಸಿದ್ದಯ್ಯನವರ ಕಡೆ ತಿರುಗಿದರು.

"ಇದು ಅದರದ್ದೇನಾ ಅಜ್ಜಾ?"

"ಅದರದ್ದೇ. ನಾನು ಬಳಸಲ್ಲ."

"ಯಾಕೆ?"

"ಕರೆಂಟಲ್ಲಿ ಅಂಕಿ ನಿಲ್ಲಲ್ಲಮ್ಮ. ಆ ಕಡೆ ಏಸಿ ಶುರುವಾದ್ರೆ ಈ ಕಡೆ ಕೊನೇ ಅಂಕಿ ಕುಣಿಯುತ್ತೆ. ಗ್ರಾಮಿನ ಸಾವಿರದಲ್ಲೊಂದು ಪಾಲು ನೋಡೋ ಯಂತ್ರ ಇದು."

"ಹಾಗಾದ್ರೆ ಸೆಲ್ಲಾ?"

ಮುದುಕರು ಅಂಗಿಯ ಜೇಬಿನಿಂದ ನಾಲ್ಕು ಪೆನ್ಸಿಲ್ ಸೆಲ್ ತೆಗೆದು ಅಂಗೈಯಲ್ಲಿ ಹಿಡಿದರು. ಕೆಲಸ ಮುಗಿದ ಮೇಲೆ ಯಂತ್ರದಲ್ಲಿ ಬಿಟ್ಟರೆ ಸೋರುತ್ತವೆಂದು ದಿನವೂ ಬಿಚ್ಚಿ ಮನೆಗೆ ಒಯ್ಯುತ್ತಿದ್ದರು. "ಇವೂ ಸುಳ್ಳು ಹೇಳ್ತವೆ, ಸೊರಗಿದಾಗ. ಅದಕ್ಕೆ ಅಂಗಡೀಲೇ ಮೀಟರ್ ಇಟ್ಟು ನೋಡಿ ತಗೋಬೇಕು. ನಾಲ್ಕಕ್ಕೂ ಒಂದೇ ಬಲ ಇರಬೇಕು. ಒಂದು ಇಳಿದ್ರೆ ನಾಲ್ಕನ್ನೂ ಬದಲಾಯಿಸ್ಬೇಕು. ಫ್ಯಾನ್ ಆಫ್ ಮಾಡಿ, ಅರ್ಧ ಗಂಟೆ ಯಂತ್ರಾನ ಸುಮ್ನೆ ಬಿಡ್ಬೇಕು. ಆಮೇಲೆ ತೂಗ್ಬೇಕು."

"ಎರಡು ಸಾವಿರಾನೂ?"

"ಎರಡು ಸಾವಿರ ಸಿಗೋಕೆ ಆರು ಸಾವಿರ ತೂಗಿದೀನಿ."

ಇಷ್ಟು ತಾಳ್ಮೆಯ ಕೈ ಕಳ್ಳತನಕ್ಕೆ ಇಳಿಯದು ಎಂದು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ. ಶಿವಗಂಗಮ್ಮ ಬೇರೆ ಪ್ರಶ್ನೆ ಕೇಳಿದರು.

"ಈ ಪದ್ಧತಿ ಯಾವಾಗಿಂದ?"

"ಎರಡು ವರ್ಷದಿಂದ." ಅವರು ಅಡಾಪ್ಟರ್ ನೋಡಿದರು.

ಜೀಪಿನಲ್ಲಿ ಶಿವಗಂಗಮ್ಮ ಹೇಳಿದರು, "ಕದ್ದವರಿಗೆ ಅಡಾಪ್ಟರ್ ಬೇಡ ಅಂತ ಗೊತ್ತಿತ್ತು. ಅಜ್ಜನ ಹತ್ರ ಕಲಿತೋರು. ಆದ್ರೆ ಸೆಲ್ ಅಜ್ಜನ ಜೇಬಲ್ಲಿದೆ."

"ಹೊಸದು ಕೊಳ್ಳಲೇಬೇಕು," ಎಂದ ಗೂಳಪ್ಪ. "ಬೆಂಗಳೂರಲ್ಲಿ ಸೆಲ್ ಕೊಂಡೋರನ್ನ ಹುಡುಕೋದಾ ಮೇಡಂ? ನಾನು ರಿಟೈರ್ ಆಗ್ತೀನಿ."

"ಕೊಂಡೋರನ್ನಲ್ಲ. ಮೀಟರ್ ಇಟ್ಟು ಕೊಂಡೋರನ್ನ."

ಗೂಳಪ್ಪ ಹದಿನಾಲ್ಕು ಅಂಗಡಿ ತಿರುಗಿದ. ಮಧ್ಯಾಹ್ನ 2.50ಕ್ಕೆ, ಮಾರೇನಹಳ್ಳಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಕೂಡ್ಲಿಗಿ ಕಡೆಯ ಕೊಟ್ರಪ್ಪ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತಿದ.

"ಬಂದಿದ್ಲು ನೋಡ್ರಿ ಸಾಹೇಬ್ರ! ಭಾನುವಾರ ಸಂಜಿಕ. ನಾಕು ಸೆಲ್ಲಿಗೆ ನನ್ನ ಕಡೆ ಇಪ್ಪತ್ತು ಸೆಲ್ ಬಿಚ್ಚಿಸಿದ್ಲು. ಒಂದೊಂದಕ್ಕೂ ಮೀಟರ್ ಹಚ್ಚಿ ನೋಡೋದು, ಇಡೋದು. ಏನವ್ವಾ, ಸೆಲ್ಲಿಗೆ ಗಂಡು ನೋಡಾಕ ಹತ್ತೀಯೇನು ಅಂದೆ. ನಗಲಿಲ್ಲ."

"ಹೆಸರು?"

"ಫೋನಿನ್ಯಾಗ ರೊಕ್ಕ ಹಾಕ್ಯಾಳಲ್ಲ, ಹೆಸರು ಬಂದೈತಿ. ಸೌಂದರ್ಯಾ."

ಕೇಂದ್ರದ ಹಳೆಯ ನೋಂದಣಿ ಪುಸ್ತಕದಲ್ಲಿ ಆ ಹೆಸರಿತ್ತು. ವಯಸ್ಸು ಈಗ 24, ನಂದಿನಿ ಲೇಔಟ್‌ನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಎರಡು ವರ್ಷದ ಹಿಂದೆ ದಿನವೂ ಎಲ್ಲರಿಗಿಂತ ಮೊದಲು ಬಂದು ಕೇಂದ್ರದ ಬಾಗಿಲು ತೆರೆಯುತ್ತಿದ್ದಳು. ಆಗ ಕೊಟ್ಟಿದ್ದ ಬಾಗಿಲಿನ, ಬೀರುವಿನ ಕೀಗಳನ್ನು ಯಾರೂ ವಾಪಸು ಕೇಳಿರಲಿಲ್ಲ.

ಸಂಜೆ 4.35ಕ್ಕೆ ಸೌಂದರ್ಯಾ ಮನೆಯ ಬಾಗಿಲು ತಾನೇ ತೆರೆದಳು. ಕೋಣೆಯಲ್ಲಿ ಫ್ಯಾನ್ ನಿಂತಿತ್ತು. ಮೇಜಿನ ಮೇಲೆ ತಕ್ಕಡಿ, ನಾಲ್ಕು ಡಬ್ಬಿ, ಒಂದು ನೋಟ್ ಪುಸ್ತಕ. ಪುಟದಿಂದ ಪುಟಕ್ಕೆ ಒಂದೇ ಅಂಕಿ, ಸಾಲಾಗಿ.

"ಕದ್ದಿದ್ದು ನೀನೇನಾ?"

"ಹೌದು ಮೇಡಂ."

"ವಚನಾ ಸೋಲಲಿ ಅಂತಾನಾ?"

"ಅವಳನ್ನ ನೋಡೇ ಇಲ್ಲ ನಾನು."

"ಮತ್ತೆ?"

ಸೌಂದರ್ಯಾ ತಕ್ಕಡಿಯ ಸ್ವಿಚ್ ಆಫ್ ಮಾಡಿದಳು.

"ಎರಡು ವರ್ಷದ ಹಿಂದೆ ನನ್ನ ಗುಂಡುಗಳನ್ನ ರೇವಣಸಿದ್ದಯ್ಯ ತಾತ ಕರೆಂಟಿಗೆ ಹಾಕಿ ತೂಗಿದ್ರು. ಅರ್ಧ ಪಾಯಿಂಟಲ್ಲಿ ರಾಜ್ಯ ತಂಡ ಕೈತಪ್ಪಿತು. ವಾರ ಆದ್ಮೇಲೆ ಅವರೇ ಮನೆಗೆ ಬಂದು ಕೈ ಮುಗಿದು ಹೇಳಿದ್ರು, ತೂಕ ತಪ್ಪಿದ್ದು ನಾನು ಮಗಳೇ ಅಂತ. ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಆಮೇಲೆ ಆರು ತಿಂಗಳು ಪಕ್ಕದಲ್ಲಿ ಕೂರಿಸ್ಕೊಂಡು ಸೆಲ್ಲಲ್ಲಿ ತೂಗೋದು ಕಲಿಸಿದ್ರು. ಆದ್ರೆ ಆಡೋಕೆ ನನ್ನ ಕೈ ಮತ್ತೆ ಏಳಲಿಲ್ಲ."

"ಅದಕ್ಕೆ ಈಗ?"

"ಈಗ್ಲೂ ಎಲ್ಲೋ ಒಂದು ತಪ್ಪು ಇರುತ್ತೆ ಅಂದ್ಕೊಂಡೆ. ಒಂದೇ ಒಂದು ಸಿಕ್ಕಿದ್ರೆ ಸಾಕಿತ್ತು. ಎಲ್ಲರಿಗೂ ಆಗೋದೇ ನನಗೂ ಆಯ್ತು ಅಂತ ಬಿಟ್ಟುಬಿಡ್ತಿದ್ದೆ." ಅವಳು ಪುಸ್ತಕ ಮುಚ್ಚಿದಳು. "ಎರಡು ಸಾವಿರಾನೂ ತೂಗಿದೆ ಮೇಡಂ."

"ಎಷ್ಟು ಸಿಕ್ತು?"

"ಒಂದೂ ಇಲ್ಲ."

ಜಪ್ತಿ ಪಂಚನಾಮೆ ಮುಗಿಸಿ, ಅವಳ ತಾಯಿಗೆ ತಿಳಿಸಿ, ಸೂರ್ಯ ಮುಳುಗುವ ಮುನ್ನ 5.20ಕ್ಕೆ ದಸ್ತಗಿರಿ ಮಾಡಲಾಯಿತು. ಮಾಲು ಗುರುತಿಸಲು ರೇವಣಸಿದ್ದಯ್ಯನವರನ್ನು ಠಾಣೆಗೆ ಕರೆಸಿದರು. ಅನುಮಾನಿತರ ಪಟ್ಟಿಯಿಂದ ಅವರ ಹೆಸರು ತೆಗೆದಿದೆ ಎಂದು ಶಿವಗಂಗಮ್ಮ ಹೇಳಿದಾಗ ತಲೆ ಅಲ್ಲಾಡಿಸಿದರು, ಅಷ್ಟೇ. ಅವರ ಕಣ್ಣು ನೋಟ್ ಪುಸ್ತಕದ ಮೇಲಿತ್ತು. ಒಂದೊಂದೇ ಪುಟ ಮಗುಚಿ, ಕೊನೆಯವರೆಗೂ ನೋಡಿದರು.

"ಇಷ್ಟು ಚೆನ್ನಾಗಿ ನಾನೂ ತೂಗಿರಲಿಲ್ಲ," ಎಂದು, ಎದ್ದು ಹೋಗಿ ಸೌಂದರ್ಯಾ ಕುಳಿತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು.

ಕೇಸ್ ಡೈರಿ ಬರೆಯುತ್ತಿದ್ದ ಗೂಳಪ್ಪ ಪೆನ್ನು ಎತ್ತಿದ. "ಮೇಡಂ, ಉದ್ದೇಶ ಅನ್ನೋ ಕಡೆ ದ್ವೇಷ ಅಂತ ಹಾಕ್ಲಾ?"

ಶಿವಗಂಗಮ್ಮ ಬೆಂಚಿನ ಕಡೆ ನೋಡಿದರು.

"ಬೇಡ. ಆರೋಪಿ ಹೇಳಿದ್ದನ್ನ ಹಾಗೇ ಬರಿ."